ಅರ್ಧ ದಿನದ ಹಿರಿತನ

ಮನೆಯಿಂದ
ಸೆಪ್ಟೆಂಬರ್ ೨, ಮಂಗಳವಾರ

ರೀ,

ಮೂರು ವಾರದಿಂದ ಕಾಗದವಿಲ್ಲವೆಂದು ಮುನಿಸಿಕೊಂಡು ಕೂತಿರುತ್ತೀರಿ. ತಪ್ಪು ನನ್ನದೇ, ಒಪ್ಪಿಕೊಂಡೆ. ಆದರೆ ನಿಮ್ಮ ಹಿಂದಿನ ಕಾಗದವನ್ನು ನೀವೇ ಒಮ್ಮೆ ನೆನಪು ಮಾಡಿಕೊಳ್ಳಿ. ನಾಲ್ಕು ಪುಟ. ಅದರಲ್ಲಿ 'ನಾನು ಕ್ಷೇಮ, ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ' ಎಂಬುದೊಂದು ಸಾಲು. ಮಿಕ್ಕಿದ್ದೆಲ್ಲ ನಿಯಮ, ಉಪನಿಯಮ, ಸುತ್ತೋಲೆಯ ಸಂಖ್ಯೆ. ಕೊನೆಗೆ 'ಲಗತ್ತು: ಎರಡು' ಎಂದು ಬೇರೆ ಬರೆದಿದ್ದಿರಿ. ಹೆಂಡತಿಗೆ ಬರೆದ ಕಾಗದಕ್ಕೆ ಲಗತ್ತು ಸೇರಿಸುವ ಗಂಡಸು ಈ ಇಲಾಖೆಯಲ್ಲಿ ನೀವೊಬ್ಬರೇ ಇರಬೇಕು. ಅದಕ್ಕೆ ನಾನೇನೆಂದು ಉತ್ತರ ಕೊಡಲಿ? 'ತಮ್ಮ ಪತ್ರ ತಲುಪಿದೆ, ಪರಿಶೀಲನೆಯಲ್ಲಿದೆ' ಎಂದು ಬರೆಯಲು ಕೈ ತುರಿಸಿತು. ಸುಮ್ಮನಾದೆ.

ಇವತ್ತು ಸುಮ್ಮನಿರಲು ಆಗಲಿಲ್ಲ. ಪಟ್ಟಿ ಬಂತು.

ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಟಪಾಲು ಚೀಲ ನನ್ನ ಮೇಜಿಗೆ ಬಂತು. ಎಂದಿನಂತೆ ಒಂದೊಂದೇ ಲಕೋಟೆ ಸೀಳಿ, ಮೊಹರು ಒತ್ತಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದೆ. ರಸ್ತೆ ಗುಂಡಿಯ ದೂರು ಮೂರು, ಸೇತುವೆಯ ಕಂಬಿಗೆ ಬಣ್ಣ ಬಳಿಯುವ ಬಗ್ಗೆ ಒಂದು, ಯಾರದೋ ರಜೆ ಅರ್ಜಿ. ಆಮೇಲೆ ಕೇಂದ್ರ ಕಚೇರಿಯ ಉದ್ದನೆಯ ಕಂದು ಲಕೋಟೆ. 'ನಕ್ಷೆಗಾರರ ಅಂತಿಮ ಜ್ಯೇಷ್ಠತಾ ಪಟ್ಟಿ.' ಇದುವರೆಗೆ ನಾಲ್ಕು ಪಟ್ಟಿ ಬಂದಿದ್ದವು, ನಾಲ್ಕರ ನೆತ್ತಿಯ ಮೇಲೂ 'ತಾತ್ಕಾಲಿಕ' ಎಂದಿತ್ತು. ಇದರಲ್ಲಿ 'ಅಂತಿಮ' ಎಂದಿದ್ದುದನ್ನು ಬೆರಳಿಟ್ಟು ಎರಡು ಸಲ ಓದಿದೆ. ಐದನೇ ಹೆಸರು ನಿಮ್ಮದು. ಆರನೆಯದು ಅವರದು.

ಹನ್ನೆರಡು ವರ್ಷ ನೀವು ಕಾದ ಸಾಲನ್ನು ನಿಮಗಿಂತ ಮೊದಲು ನಾನು ಓದಿಬಿಟ್ಟೆನಲ್ಲ ಎಂದು ಕಸಿವಿಸಿಯಾಯಿತು. ಫೋನು ಮಾಡಬಹುದಿತ್ತು. ಆದರೆ ನಿಮ್ಮಲ್ಲಿ ಫೋನು ಇರುವುದು ದೊಡ್ಡ ಸಾಹೇಬರ ಕೋಣೆಯಲ್ಲಿ. ಅಲ್ಲಿ ಅವರೆದುರು ನಿಂತುಕೊಂಡು ನೀವು 'ಹೂಂ, ಸರಿ, ಆಗ್ಲಿ' ಅನ್ನುವುದನ್ನು ಕೇಳುವುದಕ್ಕಿಂತ, ಕೋಣೆಯಲ್ಲಿ ಒಬ್ಬರೇ ಕೂತು ಇದನ್ನು ಓದಲಿ ಎನಿಸಿತು.

ಸಂಜೆ ಮಗಳಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ಹಾಗೇ ಕೂತು, "ಅಮ್ಮಾ, ನಿಜ ಹೇಳ್ಲಾ? ಅಪ್ಪನ ಕೇಸು ಏನು ಅಂತ ನಂಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ," ಎಂದಳು. ಅದೂ ಸರಿಯೇ. ನಾವಿಬ್ಬರೂ ಅದನ್ನು ಎಷ್ಟು ಮಾತಾಡಿದ್ದೇವೆಂದರೆ, ಕೇಳುವವರಿಗೆ ತಿಳಿಯಿತೇ ಎಂದು ವಿಚಾರಿಸಲೇ ಇಲ್ಲ. ಕೂರಿಸಿಕೊಂಡು ಹೇಳಿದೆ. ಇಪ್ಪತ್ತೆಂಟು ವರ್ಷದ ಹಿಂದೆ ಒಂದೇ ದಿನ ಇಬ್ಬರು ನಕ್ಷೆಗಾರರು ರಸ್ತೆ ಇಲಾಖೆಗೆ ಸೇರಿದರು. ನಿಮ್ಮಪ್ಪ ಊಟದ ಹೊತ್ತಿಗೆ ಮುಂಚೆ ಬಂದು ಸಹಿ ಹಾಕಿದರು, ಇನ್ನೊಬ್ಬರು ಊಟವಾದ ಮೇಲೆ. ಹದಿನಾರು ವರ್ಷ ಕಳೆದು ಮುಖ್ಯ ನಕ್ಷೆಗಾರರ ಹುದ್ದೆ ಖಾಲಿಯಾದಾಗ, ವಯಸ್ಸಿನಲ್ಲಿ ದೊಡ್ಡವರೆಂದು ಆ ಇನ್ನೊಬ್ಬರಿಗೆ ಬಡ್ತಿ ಕೊಟ್ಟರು. ಅದೂ ನನ್ನ ಕಚೇರಿಯಲ್ಲೇ, ನನ್ನ ಕಣ್ಣೆದುರಿಗೇ. ಮೊದಲು ಸಹಿ ಹಾಕಿದವನೇ ಹಿರಿಯ ಎಂದು ನಿಮ್ಮಪ್ಪ ಆಕ್ಷೇಪಣೆ ಹಾಕಿದರು. ಆ ಫೈಲು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು.

"ಅರ್ಧ ದಿನಕ್ಕಾ?" ಎಂದಳು.

"ಅರ್ಧ ದಿನಕ್ಕೇ."

"ಹನ್ನೆರಡು ವರ್ಷ?"

ಹೂಂ ಎಂದೆ. ಅವಳು ಇನ್ನೆರಡು ಬಟ್ಟೆ ಮಡಚಿದಳು. ಆಮೇಲೆ, "ನಂಗೆ ಅಪ್ಪ ಅಂದ್ರೆ ಭಾನುವಾರ ಕಣಮ್ಮ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಊರಿನ ವಿಳಾಸ ಹೇಳಿದಂತೆ ಹೇಳಿದಳು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಅವಳ ಸುದ್ದಿಯನ್ನೂ ಇಲ್ಲೇ ಬರೆದುಬಿಡುತ್ತೇನೆ. ಎಕ್ಸ್‌ರೇ ತೆಗೆಯುವ ಕೆಲಸ ಗಟ್ಟಿಯಾಯಿತು. ಬೇರೆ ಊರಿನ ಆಸ್ಪತ್ರೆ, ಅಕ್ಟೋಬರ್ ಒಂದಕ್ಕೆ ಸೇರಬೇಕು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು ಸಹಿ ಹಾಕಿಬಿಡು ಎಂದು ಹೇಳಿದ್ದೇನೆ. ನಕ್ಕಳು. ನೀವೂ ನಗಿ.

ಅಮ್ಮನ ಮರೆವು ಈಗ ಇನ್ನಷ್ಟು ಹೆಚ್ಚಿದೆ. ನೀವು ಬೇರೆ ಊರಿನಲ್ಲಿರುವುದೇ ಅವರಿಗೆ ಮರೆತುಹೋಗಿದೆ. ದಿನಾ ಸಂಜೆ ಆರೂವರೆಗೆ ಬಾಗಿಲ ಕಡೆ ನೋಡುತ್ತಾ, "ಅಳಿಯಂದಿರು ಇನ್ನೂ ಬರ್ಲಿಲ್ವಾ? ಎಷ್ಟೊತ್ತು ಕೆಲ್ಸ ಮಾಡಿಸ್ಕೋತಾರೆ ಈ ಜನ!" ಎನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ. ಈಗ, "ಇವತ್ತು ಸ್ವಲ್ಪ ಲೇಟಂತಮ್ಮಾ," ಎಂದು ಹೇಳಿ ಅವರಿಗೆ ಊಟ ಬಡಿಸುತ್ತೇನೆ. ಹಾಗೆ ಹೇಳಿ ಹೇಳಿ, ಒಂದೊಂದು ದಿನ ನನಗೂ ನೀವು ಬರುವವರಿದ್ದೀರಿ ಎನಿಸಿ ಕಿವಿ ಬಾಗಿಲ ಕಡೆ ಹೋಗುತ್ತದೆ.

ಇನ್ನೊಂದು ವಿಷಯ. ಓದಿ ಹುಬ್ಬು ಗಂಟಿಕ್ಕಬೇಡಿ. ಹೋದ ಶುಕ್ರವಾರ ಮಧ್ಯಾಹ್ನದವರು ಕಚೇರಿಗೆ ಬಂದಿದ್ದರು. (ಆ ಹೆಸರು ಇಟ್ಟವರು ನೀವೇ. ಅವರ ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.) ನಿವೃತ್ತರಾಗಿ ಮೂರು ತಿಂಗಳಾಯಿತು, ಪಿಂಚಣಿಯ ಕಾಗದ ಕೇಳಲು ಬಂದವರು ನನ್ನ ಮೇಜಿನ ಮುಂದೆ ನಿಂತರು. ನಿಮ್ಮ ಮನಸ್ಸಿಗೆ ನೋವಾಗಬಾರದೆಂದು ಇಷ್ಟು ವರ್ಷ ಅವರೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿದವಳಲ್ಲ ನಾನು. ಆ ದಿನ ಅವರೇ ಶುರು ಮಾಡಿದರು.

"ಪಟ್ಟಿ ಬರ್ತಾ ಇದೆಯಂತೆ ಕಣಮ್ಮ. ನಿಮ್ಮವರು ಮೇಲೆ, ನಾನು ಕೆಳಗೆ. ನನಗೂ ಸುದ್ದಿ ಬಂತು."

"ಬೇಜಾರಾಯ್ತಾ ಸರ್?" ಎಂದೆ.

"ಮನೆಗೆ ಹೋಗಿ ಆಗಿದೆ. ಈಗ ಐದಾದ್ರೇನು, ಆರಾದ್ರೇನು?" ಎಂದು ನಕ್ಕರು. ಹೋಗುವವರು ಮತ್ತೆ ತಿರುಗಿ, "ಆ ದಿನ ನಾನ್ಯಾಕೆ ಮಧ್ಯಾಹ್ನ ಬಂದೆ ಅಂತ ಯಾರೂ ಕೇಳ್ಲಿಲ್ಲ ನೋಡಿ. ಬೆಳಿಗ್ಗೆ ನಮ್ಮ ದೊಡ್ಡ ಮಗ ಹುಟ್ಟಿದ. ಬಂದು ಸಹಿ ಹಾಕಿ ಆಸ್ಪತ್ರೆಗೆ ಹೋಗಬಹುದಿತ್ತು. ಮಗೂನ ನೋಡದೇ ಬರೋಕೆ ಕಾಲೇ ಬರಲಿಲ್ಲ," ಎಂದರು.

"ಅದನ್ನ ಯಾಕೆ ಎಲ್ಲೂ ಬರೀಲಿಲ್ಲ ನೀವು?"

"ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲಮ್ಮ," ಎಂದರು. ಆಮೇಲೆ ನಕ್ಷೆ ವಿಭಾಗದ ಕಡೆ ನೋಡಿ, "ನನ್ನ ಕುರ್ಚಿ ಖಾಲಿ ಇದೆ. ಈ ಸಲ ಬರ್ತಾರಾ ನಿಮ್ಮವರು?" ಎಂದು ಕೇಳಿದರು.

ಬರ್ತಾರೆ ಸರ್ ಎಂದು ಹೇಳಿ ಕಳಿಸಿದ್ದೇನೆ. ಆದ್ದರಿಂದ ನನ್ನ ಮಾತು ಉಳಿಸುವ ಭಾರ ನಿಮ್ಮ ಮೇಲಿದೆ.

ಒಂದು ವಾರದಲ್ಲಿ ಬಡ್ತಿಯ ಆದೇಶ ಬರುತ್ತದೆಂದು ನಮ್ಮ ಸಾಹೇಬರು ಹೇಳಿದರು. ಖಾಲಿ ಇರುವುದು ಈ ಊರಿನ ಹುದ್ದೆಯೊಂದೇ. ಮದುವೆಯಾಗಿ ಇಪ್ಪತ್ತೆರಡು ವರ್ಷ; ಅದರಲ್ಲಿ ನೀವು ಆ ಊರಿಗೆ ಹೋಗಿಯೇ ಹದಿನೆಂಟು. ನನ್ನದು ಈ ಒಂದು ಕಚೇರಿಗೇ ಕಟ್ಟಿಹಾಕಿದ ಕೆಲಸ, ಬಿಟ್ಟು ಬರುವುದಾದರೆ ಕೆಲಸವನ್ನೇ ಬಿಡಬೇಕಿತ್ತು, ಅಮ್ಮನೂ ಇದ್ದರು. ಹಾಗಾಗಿ ತಿಂಗಳಿಗೊಂದು ಭಾನುವಾರ, ಒಂಬತ್ತು ಗಂಟೆಯ ರೈಲು, ಕಣ್ಣು ಕೆಂಪು ಮಾಡಿಕೊಂಡು ಇಳಿಯುವ ನೀವು. ನಾನು ಎಣಿಸಿಕೊಂಡು ಕೂತವಳಲ್ಲ. ಆದರೆ ನಿಮ್ಮ ಹೆಂಡತಿಗೆ ಗೊತ್ತಿಲ್ಲದ್ದು ಎಷ್ಟೊಂದಿದೆ ನೋಡಿ. ಕಚೇರಿಯಿಂದ ಬಂದು ನೀವು ಚಪ್ಪಲಿ ಬಿಡುವ ಸದ್ದು ಹೇಗಿರುತ್ತದೋ ನಾನರಿಯೆ. ನನಗೆ ಗೊತ್ತಿರುವುದು ನೀವು ಚೀಲ ಕೆಳಗಿಡುವ ಸದ್ದು. ಸೋಮವಾರ ಸಂಜೆ ನಿಮ್ಮ ಮುಖ ಹೇಗಿರುತ್ತದೆ? ಸಾಹೇಬರು ಬೈದ ದಿನ ಊಟ ಕಡಿಮೆ ಮಾಡುತ್ತೀರೋ, ಜಾಸ್ತಿಯೋ? ನಾನು ಯಾವಾಗಲೂ ನೋಡಿದ್ದು ತಲೆ ಬಾಚಿ, ಗಡ್ಡ ಹೆರೆದು, ನೆಂಟರ ಹಾಗೆ ಬಂದ ಗಂಡನನ್ನು. ಒಮ್ಮೆಯಾದರೂ ನನ್ನೆದುರು ವಿನಾಕಾರಣ ರೇಗಿ, ಮೂಲೆಯಲ್ಲಿ ಪತ್ರಿಕೆ ಹಿಡಿದು ಕೂರುವ ಗಂಡ ಬೇಕಾಗಿದ್ದಾನೆ.

ಬೇಗ ಬನ್ನಿ. ಮಗಳು ಹೊರಡುವ ಮೊದಲು ಕೆಲವು ದಿನವಾದರೂ, ಕೆಲಸದ ದಿನದ ಸಂಜೆ, ನಾವು ಮೂವರೂ ಒಂದೇ ಮನೆಯಲ್ಲಿರೋಣ.

ಐದನೇ ಸಂಖ್ಯೆಯವರಿಗೆ ಅಭಿನಂದನೆ.

ನಿಮ್ಮ
ಟಪಾಲಮ್ಮ


ಮನೆಯಿಂದ
ಸೆಪ್ಟೆಂಬರ್ ೧೧, ಗುರುವಾರ

ರೀ,

ಈ ಸಲ ತಡ ಮಾಡಿಲ್ಲ. ನಿಮ್ಮ ಕಾಗದ ಬೆಳಿಗ್ಗೆ ಬಂತು, ಸಂಜೆ ಕೂತಿದ್ದೇನೆ. ಕೋಪ ಬಂದಾಗ ನನ್ನ ಅಕ್ಷರ ದುಂಡಗಾಗುತ್ತದೆಂದು ನೀವೇ ಹೇಳುತ್ತಿದ್ದಿರಿ. ನೋಡಿ, ಶಾಲೆಯ ಕಾಪಿ ಪುಸ್ತಕದಲ್ಲಿ ಬರೆದಷ್ಟು ದುಂಡಗಿದೆ.

ನಿಮ್ಮ ಬಡ್ತಿಯ ಆದೇಶದ ಪ್ರತಿ ಸೋಮವಾರ ನಮಗೆ ತಲುಪಿತು. ಹದಿನೈದು ದಿನದೊಳಗೆ ಬಂದು ಹಾಜರಾಗಬೇಕು, ಇಲ್ಲವಾದರೆ ಬಡ್ತಿ ಬೇಡವೆಂದಂತೆ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಎಂದರೆ ಇಪ್ಪತ್ತಮೂರನೇ ತಾರೀಖು ಕೊನೆ. ಅಂದು ಕಚೇರಿಯಲ್ಲಿ ಎಲ್ಲರೂ ನನ್ನ ಮೇಜಿನ ಸುತ್ತ ನೆರೆದರು. ಬಿಲ್ಲು ವಿಭಾಗದವಳು, "ಇನ್ಮೇಲೆ ನಿಮ್ಮನ್ನ ಹಿಡಿಯೋರಿಲ್ಲ ಬಿಡಿ ಅಕ್ಕಾ, ಊಟದ ಡಬ್ಬಿ ಎರಡಾಗುತ್ತೆ," ಎಂದು ರೇಗಿಸಿದಳು. ನಾಚಿಕೆಯಾಯಿತು, ಈ ವಯಸ್ಸಿನಲ್ಲಿ. ಹಿತವಾಗಿಯೂ ಇತ್ತು.

ಇವತ್ತು ನೀವು ಬರೆಯುತ್ತೀರಿ, ಹಾಜರಾಗುವುದಿಲ್ಲವೆಂದು. ಈಗ ಬಂದು ಕೂತರೆ ಬಡ್ತಿಯನ್ನು ಇವತ್ತಿನ ತಾರೀಖಿನಿಂದ ಒಪ್ಪಿಕೊಂಡಂತೆ ಆಗುತ್ತದಂತೆ. ಅನ್ಯಾಯವಾದ ದಿನದಿಂದಲೇ, ಹನ್ನೆರಡು ವರ್ಷ ಹಿಂದಿನಿಂದ ಕೊಡಲೆಂದು ಮೇಲ್ಮನವಿ ಹಾಕಬೇಕಂತೆ. ವಕೀಲರು 'ಕೇಸು ಗಟ್ಟಿಯಾಗಿದೆ' ಎಂದರಂತೆ. ಅವರು ಯಾವತ್ತು ಸಡಿಲವಾಗಿದೆ ಎಂದಿದ್ದರು ಹೇಳಿ? 'ಇನ್ನೊಂದು ವರ್ಷ ತಾಳಿಕೋ' ಎಂದು ನನಗೆ ಬರೆದಿದ್ದೀರಿ. ಈ ಮಾತು ನನಗೆ ಎಷ್ಟು ಹಳೆಯದೆಂದರೆ, ನಿಮ್ಮ ಅಕ್ಷರ ನೋಡದೆಯೂ ಓದಬಲ್ಲೆ.

ಗೆದ್ದಿರಲ್ಲ? ಹಿರಿಯರು ನೀವೇ ಎಂದು ಬರೆದುಕೊಟ್ಟರಲ್ಲ? ಸೋತವರು ಮೊಮ್ಮಗನನ್ನು ಶಾಲೆಗೆ ಬಿಡುತ್ತಾ ಆರಾಮವಾಗಿದ್ದಾರೆ. ಇನ್ನು ಯಾರ ಮೇಲೆ ಗೆಲ್ಲಬೇಕು?

ನಿಮ್ಮ ನ್ಯಾಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಮೊದಲು ಸಹಿ ಹಾಕಿದವರು ನೀವೇ. ನಿಮಗಿಂತ ಅರ್ಧ ದಿನ ಕಿರಿಯರು ನಿಮ್ಮನ್ನು ದಾಟಿ ಮೇಲೇರಿದಾಗ ನಿಮಗಾದ ಅವಮಾನ ನನಗೆ ಗೊತ್ತು. ಆ ತಿಂಗಳು ಭಾನುವಾರ ಬಂದವರು ಗೋಡೆ ನೋಡುತ್ತಾ ಕೂತಿದ್ದಿರಿ. ಆದರೆ ಅವಮಾನಕ್ಕೂ ಒಂದು ನಿವೃತ್ತಿ ವಯಸ್ಸು ಬೇಡವೇ?

ಕೊನೆಯ ಪುಟದಲ್ಲಿ ಬರೆದಿದ್ದೀರಿ: 'ಸಕಾಲದಲ್ಲಿ ಒಂದು ತೀರ್ಮಾನ ತೆಗೆದುಕೊಳ್ಳಲು ಬಾರದ ಈ ಸರ್ಕಾರ ನಮ್ಮ ಸಂಸಾರವನ್ನೇ ನುಂಗಿತು. ಹನ್ನೊಂದು ವರ್ಷದ ಹಿಂದೆ ನನ್ನ ವರ್ಗಾವಣೆ ಅರ್ಜಿಯನ್ನು ಅವರು ಕೊಳೆಹಾಕದಿದ್ದರೆ ನಾನು ಅವತ್ತೇ ನಿನ್ನ ಜೊತೆ ಇರುತ್ತಿದ್ದೆ.' ಆ ಅರ್ಜಿ ನನಗೂ ನೆನಪಿದೆ. ಸ್ವಂತ ಕೋರಿಕೆಯ ಮೇಲೆ ಬರುವವರು ಹೊಸ ಕಚೇರಿಯಲ್ಲಿ ಎಲ್ಲರಿಗಿಂತ ಕಿರಿಯರಾಗಬೇಕೆಂಬ ನಿಯಮ. ಎಂದರೆ ಪಟ್ಟಿಯ ಕೊನೆಗೆ ಹೋಗಿ, ಮಧ್ಯಾಹ್ನದವರ ಕೈಕೆಳಗೆ ಕೂರಬೇಕು. 'ಆದರೂ ಪರವಾಗಿಲ್ಲ, ಬರ್ತೀನಿ' ಎಂದು ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಹೇಳಿ ಹೋಗಿದ್ದಿರಿ. ಮೇಲಿನವರು ಉತ್ತರವನ್ನೇ ಕೊಡಲಿಲ್ಲ ಎಂದೂ ಆಮೇಲೆ ನೀವೇ ಹೇಳಿದಿರಿ. ಅದು ಆಗಿಹೋದ ಮಾತು, ಈಗ ಎತ್ತುವುದು ಬೇಡ.

'ಎರಡೂವರೆ ವರ್ಷಕ್ಕೆ ಹೇಗೂ ನಿವೃತ್ತಿ, ಆಗ ಬಂದೇ ಬರ್ತೀನಲ್ಲ' ಎಂದಿದ್ದೀರಿ. ನಿವೃತ್ತರಾದವರೆಲ್ಲ ಮನೆಗೇ ಬರುತ್ತಾರೆ, ಬೇರೆಲ್ಲಿಗೆ ಹೋಗುತ್ತಾರೆ? ಸರ್ಕಾರ ಸಾಕೆಂದು ಕಳಿಸಿಕೊಟ್ಟ ಗಂಡನನ್ನು ನಾನು ಬಾಗಿಲಲ್ಲಿ ನಿಲ್ಲಿಸುವವಳಲ್ಲ, ಚೀಲ ಇಸಿದುಕೊಂಡು ಒಳಗೆ ಕರೆಯುತ್ತೇನೆ. ಆದರೆ ನನಗೆ ಬೇಕಾಗಿರುವುದು ಅದಲ್ಲ. ಏನನ್ನಾದರೂ ಬಿಟ್ಟು ನನ್ನ ಹತ್ತಿರ ಬಂದ ಗಂಡ ಬೇಕು. ಹೆಚ್ಚೇನೂ ಬಿಡಬೇಕಿಲ್ಲ. ಒಂದು ಮೇಲ್ಮನವಿ ಬಿಟ್ಟು ಬನ್ನಿ ಸಾಕು.

ಇದಕ್ಕಿಂತ ಬಿಚ್ಚಿ ಹೇಳಲು ನನಗೆ ಬರುವುದಿಲ್ಲ.

ನಿಮ್ಮವಳು


ಮನೆಯಿಂದ
ಸೆಪ್ಟೆಂಬರ್ ೧೮, ಗುರುವಾರ

ರೀ,

ನಿಮ್ಮ ಕಾರ್ಡು ಬಂತು. ಎರಡೇ ಸಾಲು. 'ಯೋಚಿಸುತ್ತಿದ್ದೇನೆ. ಮಂಗಳವಾರ ವಕೀಲರನ್ನು ಕಂಡು ತೀರ್ಮಾನಿಸುತ್ತೇನೆ.' ಮಂಗಳವಾರವೇ ಇಪ್ಪತ್ತಮೂರನೇ ತಾರೀಖು. ನಿಮಗೆ ಗೊತ್ತಿಲ್ಲದೆ ಇಲ್ಲ.

ಹಿಂದಿನ ಕಾಗದದಲ್ಲಿ ಏನೇನೋ ಅಂದುಬಿಟ್ಟೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಈ ಕಾಗದ ಜಗಳಕ್ಕಲ್ಲ, ಮನೆಯ ಸುದ್ದಿಗೆ.

ಮಗಳ ಪೆಟ್ಟಿಗೆ ಅರ್ಧ ತುಂಬಿದೆ. ನಿಮ್ಮ ಹಳೆಯ ಸ್ವೆಟರು ತನಗೆ ಬೇಕೆಂದು ಅದರಲ್ಲಿ ಸೇರಿಸಿಕೊಂಡಿದ್ದಾಳೆ. ತೋಳು ಎರಡು ಮಡಿಕೆ ಮಡಚಬೇಕು, ಆದರೂ ಅದೇ ಬೇಕಂತೆ. "ಅಪ್ಪ ಬರ್ತಾರಾ ಅಮ್ಮ, ನಾನು ಹೋಗೋ ಮುಂಚೆ?" ಎಂದು ನಿನ್ನೆ ಕೇಳಿದಳು. ಗೊತ್ತಿಲ್ಲ ಎಂದೆ. "ನೀನು ಕೇಳು," ಎಂದಳು. ಕೇಳಿದ್ದೇನೆ ಎಂದೆ. "ಅಲ್ಲಮ್ಮ, ಜೋರಾಗಿ ಕೇಳು. ನೀನು ಯಾವಾಗ್ಲೂ ತಮಾಷೆ ಮಾಡ್ಕೊಂಡು ಕೇಳ್ತೀಯ, ಅವರು ತಮಾಷೆ ಅಂತಾನೇ ತಿಳ್ಕೋತಾರೆ," ಎಂದಳು. ನಮ್ಮ ಎಲುಬಿನ ಚಿತ್ರ ತೆಗೆಯುವುದನ್ನು ಎಲ್ಲಿ ಕಲಿತಳೋ ಎಂದುಕೊಂಡೆ.

ಹಾಗಾಗಿ ತಮಾಷೆಯಿಲ್ಲದೆ ಹೇಳುತ್ತೇನೆ. ನನಗೆ ನೀವು ಬೇಕು. ಹದಿನೆಂಟು ವರ್ಷದಿಂದ ದಿನಾ ಬೇಕಾಗಿದ್ದಿರಿ. ಸಂಜೆ ಬಸ್ಸಿನಿಂದ ಇಳಿದು ಮನೆಯ ತಿರುವಿಗೆ ಬಂದಾಗ ಕಿಟಕಿಯಲ್ಲಿ ದೀಪ ಹತ್ತಿದ್ದರೆ, ನೀವೇನಾದರೂ ಹೇಳದೆ ಬಂದಿರಬಹುದೇ ಎಂದು ಹೆಜ್ಜೆ ಜೋರಾಗುತ್ತದೆ. ದೀಪ ಹಾಕಿರುವುದು ಅಮ್ಮ ಎಂದು ಗೊತ್ತಿದ್ದೂ ಜೋರಾಗುತ್ತದೆ. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ. ದೂರದಲ್ಲಿ ಒಬ್ಬರೇ ಇರುವವರಿಗೆ ಇದನ್ನೆಲ್ಲ ಹೇಳಿ ಯಾಕೆ ನೋಯಿಸಬೇಕೆಂದು ಬಿಟ್ಟಿದ್ದೆ.

ನಕ್ಷೆ ವಿಭಾಗದವರು ನಿಮಗೆಂದು ಏನೇನೋ ಕೂಡಿಡುತ್ತಿದ್ದಾರೆ. ಹೊಳೆಯ ಹಳೆಯ ಸೇತುವೆಯನ್ನು ಅಗಲ ಮಾಡುವ ಕೆಲಸ ಬಂದಿದೆಯಂತೆ, ಮುಖ್ಯ ನಕ್ಷೆಗಾರರು ಬಂದ ಮೇಲೆಯೇ ಶುರು ಮಾಡುತ್ತಾರಂತೆ. "ಮೇಡಂ, ಸರ್‌ಗೆ ಪೆನ್ಸಿಲ್ ಯಾವ್ದು ಇಷ್ಟ?" ಎಂದು ಅಲ್ಲಿನ ಹುಡುಗಿಯೊಬ್ಬಳು ಬಂದು ಕೇಳಿದಳು. ಗಟ್ಟಿ ಸೀಸದ್ದು ಎಂದೆ. ಹೇಳಿದ ಮೇಲೆ ಅನುಮಾನ ಬಂತು. ಅದು ಮದುವೆಯಾದ ಹೊಸದರ ಮಾತು, ಈಗ ನಿಮ್ಮ ಕಣ್ಣಿಗೆ ಮೆತ್ತನೆಯದೇ ಬೇಕಾಗಬಹುದು.

ಅಮ್ಮ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. "ಕಾಗದ ಯಾಕೆ ಬರೀತಿದೀಯ, ಸಂಜೆ ಬಂದಾಗ ಹೇಳಿದ್ರಾಯ್ತಲ್ಲ," ಎಂದು ನನ್ನನ್ನೇ ಬೈದರು. ನೂರು ಕಾಲ ಚೆನ್ನಾಗಿರಲಿ, ಹೊತ್ತಿಗೆ ಸರಿಯಾಗಿ ಮನೆ ಸೇರಲಿ ಎಂಬುದು ಅವರ ಹರಕೆ. ಅದಕ್ಕೆ ನಾನು ಸೇರಿಸುವಂಥದ್ದೇನೂ ಇಲ್ಲ.

ಆರೋಗ್ಯ ನೋಡಿಕೊಳ್ಳಿ. ಮೆಟ್ಟಿಲು ಹತ್ತುವಾಗ ಅವಸರ ಮಾಡಬೇಡಿ.

ಎಂದೆಂದಿಗೂ ನಿಮ್ಮ
ಟಪಾಲಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ, ನೀವು ಬಂದರೂ ನನ್ನೊಳಗೆ ಒಂದು ಸುಳ್ಳು ಉಳಿಯುತ್ತದೆ.

ಹನ್ನೊಂದು ವರ್ಷದ ಹಿಂದೆ, ಜೂನ್ ತಿಂಗಳು, ಆಗಿನ ಟಪಾಲಿನವರು ಕಾಲು ಮುರಿದುಕೊಂಡು ರಜೆಯಲ್ಲಿದ್ದರು. ಅವರು ಬರುವ ತನಕ ನನ್ನನ್ನು ಬಿಲ್ಲು ವಿಭಾಗದಿಂದ ಎಬ್ಬಿಸಿ ಅಲ್ಲಿ ಕೂರಿಸಿದ್ದರು. ನಿಮಗದು ಗೊತ್ತಿಲ್ಲ, ನಾನು ಟಪಾಲಿಗೆ ಹೋದದ್ದು ಮರುವರ್ಷವೆಂದೇ ನೀವು ತಿಳಿದಿದ್ದೀರಿ. ನಾನು ಅಲ್ಲಿ ಕೂತ ಮೂರನೇ ದಿನ ನಿಮ್ಮ ವರ್ಗಾವಣೆಯ ಆದೇಶ ಬಂತು. ನೀವು ಕೇಳಿದಂತೆಯೇ, ನಮ್ಮ ಕಚೇರಿಗೆ. ಮೂಲ ನಿಮಗೆ, ಪ್ರತಿ ನಮಗೆ. ಅರ್ಜಿ ಹಾಕಿ ನಲವತ್ತು ದಿನವೂ ಆಗಿರಲಿಲ್ಲ. ಸರ್ಕಾರ ಆ ಒಂದು ಸಲ ಸಕಾಲದಲ್ಲಿ ತೀರ್ಮಾನ ಮಾಡಿತ್ತು.

ನಿಮಗೆ ಬರೆಯಲಿಲ್ಲ. ನೀವೇ ಬಂದು ಬಾಗಿಲಲ್ಲಿ ನಿಂತು ಹೇಳಬೇಕೆಂದುಕೊಂಡಿದ್ದೀರಿ, ಆ ಖುಷಿಯನ್ನು ಯಾಕೆ ಕೆಡಿಸಲಿ ಎಂದುಕೊಂಡೆ. ಮಗಳಿಗೂ ಹೇಳಲಿಲ್ಲ. ಕಚೇರಿಯಲ್ಲಿ ಮಾತ್ರ ಎಲ್ಲರಿಗೂ ತಿಳಿಯಿತು. ಮಧ್ಯಾಹ್ನದವರು ಕಿಟಕಿ ಪಕ್ಕದಲ್ಲಿದ್ದ ತಮ್ಮ ಮೇಜನ್ನೇ ಖಾಲಿ ಮಾಡಿಸಿ, "ನಿಮ್ಮವರ ಗೆರೆ ತುಂಬ ಸಣ್ಣ ಕಣಮ್ಮ, ಅವರಿಗೆ ಬೆಳಕು ಬೇಕು," ಎಂದರು. ಹತ್ತೊಂಬತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಇಪ್ಪತ್ತನೇ ದಿನ ಇನ್ನೊಂದು ಕಾಗದ ಬಂತು. 'ನೌಕರರ ಸ್ವಂತ ಕೋರಿಕೆಯ ಮೇರೆಗೆ ಸದರಿ ವರ್ಗಾವಣೆಯನ್ನು ರದ್ದುಪಡಿಸಿದೆ.' ನಾನೇ ಒಡೆದೆ, ನಾನೇ ಮೊಹರು ಒತ್ತಿದೆ, ನಾನೇ ಬರೆದುಕೊಂಡು ಸಾಹೇಬರ ಮೇಜಿನ ಮೇಲೆ ಇಟ್ಟು ಬಂದೆ. ಎಲ್ಲರೂ ತಲೆ ತಗ್ಗಿಸಿ ಕೆಲಸ ಮಾಡಿದರು. ಮಾರನೇ ದಿನ ಕಿಟಕಿ ಪಕ್ಕದ ಮೇಜಿಗೆ ಅವರೇ ಮತ್ತೆ ಬಂದು ಕೂತಿದ್ದರು, ನನ್ನ ಮುಖ ನೋಡಲಿಲ್ಲ. ಅದೇ ವಾರ ನಿಮ್ಮ ಕಾಗದ ಬಂತು: 'ಮೇಲಿನವರು ಇನ್ನೂ ಏನೂ ತೀರ್ಮಾನಿಸಿಲ್ಲ, ಕಾಯೋಣ.'

ಅವರ ಕೈಕೆಳಗೆ ಕೂರುವುದು ನಿಮಗೆ ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. 'ನನ್ನ ಕೈಲಾಗಲ್ಲ ಕಣೇ' ಎಂದು ಒಂದು ಮಾತು ಹೇಳಿದ್ದರೆ, ಒಂದು ದಿನ ಅತ್ತು ಒಪ್ಪಿಕೊಳ್ಳುತ್ತಿದ್ದೆ. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಆಮೇಲೆ ನೀವು ಸರ್ಕಾರವನ್ನು ಬೈದಾಗಲೆಲ್ಲ ನಾನೂ ಜೊತೆಗೂಡಿ ಬೈದೆ. ನಾನು ಸುಮ್ಮನಿದ್ದರೆ, ನನಗೆ ಗೊತ್ತೆಂದು ನಿಮಗೆ ಗೊತ್ತಾಗಿಬಿಡುತ್ತದೆಂಬ ಭಯವಿತ್ತು.

ಬನ್ನಿ ಎಂದು ಮೇಲೆ ಬರೆದದ್ದೆಲ್ಲ ನಿಜ. ಬಾರದೆ ಇರುವುದೂ ನಿಮ್ಮ ಇಷ್ಟ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಈ ಸಲವೂ ಬೇಡವೆಂದು ಬರೆಯುವುದಾದರೆ, ಕಚೇರಿಗೆ ಬರೆಯುವ ಮೊದಲು ಮನೆಗೆ ಬರೆಯಿರಿ. ಅಂಥ ಕಾಗದವನ್ನು ಎಲ್ಲರ ಎದುರಿಗೆ ಇನ್ನೊಂದು ಸಲ ನಾನು ಒಡೆಯಲಾರೆ.